ಮುನಿರ್ಕಾದಿಂದ ಒಂದು ಕಾಡು, ಒಂದು ಊಟ

ಊರಿಂದ ದೆಹಲಿಗೆ ಬರುವ ನೆಂಟರಿಗೆ ಮೊದಲ ಮೂರು ದಿನದ ಕಾರ್ಯಕ್ರಮ ಇಲ್ಲಿನ ಎಲ್ಲ ಕನ್ನಡ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಕುತುಬ್ ಮಿನಾರ್, ಕೆಂಪುಕೋಟೆ, ಇಂಡಿಯಾ ಗೇಟ್ ಒಂದು ದಿನ. ಆಗ್ರಾ ಒಂದು ದಿನ. ಅಕ್ಷರಧಾಮ, ಕರೋಲ್ ಬಾಗ್‌ನ ಸೀರೆ ಅಂಗಡಿಗಳು ಇನ್ನೊಂದು ದಿನ. ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆಯವರ ಮಂಡಿ ಊದಿಕೊಂಡಿರುತ್ತದೆ, ಮಕ್ಕಳಿಗೆ ಗೋರಿ ಗುಂಬಜುಗಳು ಸಾಕುಸಾಕಾಗಿರುತ್ತವೆ, ಮಾವನವರು ‘ಇವತ್ತು ನಾನು ಎಲ್ಲೂ ಬರಲ್ಲಪ್ಪ’ ಎಂದು ಪೇಪರ್ ಹಿಡಿದು ಕೂತಿರುತ್ತಾರೆ. ಈ ಲೇಖನ ಆ ನಾಲ್ಕನೆಯ ದಿನಕ್ಕೆ.

ಮುನಿರ್ಕಾದಲ್ಲೋ ಪಕ್ಕದ ಆರ್.ಕೆ. ಪುರಂ, ವಸಂತ ವಿಹಾರ, ಬೇರ್ ಸರಾಯ್‌ಗಳಲ್ಲೋ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಒಂದು ಅನುಕೂಲ ಇದೆ. ನಾವು ಅದನ್ನು ಬಳಸಿಕೊಳ್ಳುವುದು ಕಡಿಮೆ. ಇಲ್ಲಿಂದ ಒಂದೂವರೆ ಗಂಟೆಯೊಳಗೆ ತಲುಪಬಹುದಾದ ಮೂರು ಸಂರಕ್ಷಿತ ವನ್ಯಜೀವಿ ತಾಣಗಳಿವೆ: ದಕ್ಷಿಣಕ್ಕೆ ಅಸೋಲಾ ಭಟ್ಟಿ, ಪೂರ್ವಕ್ಕೆ ಓಖ್ಲಾ, ಪಶ್ಚಿಮಕ್ಕೆ ಸುಲ್ತಾನ್‌ಪುರ. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ, ನಾಗರಹೊಳೆ ಕಬಿನಿಗಳನ್ನು ನೆನೆಸಿಕೊಂಡು ನಿಟ್ಟುಸಿರು ಬಿಡುವ ನಮ್ಮಲ್ಲೇ ಎಷ್ಟೋ ಜನ ಅಸೋಲಾದ ಗೇಟನ್ನೂ ಕಂಡಿರುವುದಿಲ್ಲ.

ನೈರೋಬಿಯ ಜನ ಈ ವಿಷಯದಲ್ಲಿ ಜಾಣರು. ಕೆನ್ಯಾದ ಆ ರಾಜಧಾನಿಯ ಮಗ್ಗುಲಲ್ಲೇ 1946ರಿಂದ ಒಂದು ರಾಷ್ಟ್ರೀಯ ಉದ್ಯಾನ ಇದೆ. 117 ಚದರ ಕಿಲೋಮೀಟರಿನ ಹುಲ್ಲುಗಾವಲು, ಅದರಲ್ಲಿ ಸಿಂಹ, ಜಿರಾಫೆ, ಘೇಂಡಾಮೃಗ. ಬೆಳಗಿನ ಜಾವ ಒಳಗೆ ಹೋಗಿ, ಬಿಸಿಲೇರುವ ಹೊತ್ತಿಗೆ ಹೊರಬಿದ್ದು, ಊಟಕ್ಕೆ ಊರೊಳಗೆ ಮರಳುವುದು ಅಲ್ಲಿನ ರೂಢಿ. ಕೆಂಡದ ಮೇಲೆ ಸುಟ್ಟ ಮಾಂಸ, ಜೊತೆಗೆ ಮೆಕ್ಕೆಜೋಳದ ಹಿಟ್ಟಿನ ಉಗಾಲಿ. ನೋಡುವುದಕ್ಕೂ ಮುರಿದು ತಿನ್ನುವುದಕ್ಕೂ ಅದು ನಮ್ಮ ಮುದ್ದೆಯ ಹಾಗೇ. 1980ರಲ್ಲಿ ಶುರುವಾದ ‘ಕಾರ್ನಿವೋರ್’ ಎಂಬ ಹೋಟೆಲು ಇಂಥ ಊಟಕ್ಕೇ ಹೆಸರುವಾಸಿ. ಒಂದು ಕಾಲಕ್ಕೆ ಅಲ್ಲಿ ಕಾಡುಪ್ರಾಣಿಯ ಮಾಂಸವನ್ನೂ ಬಡಿಸುತ್ತಿದ್ದರು. ಈ ಶತಮಾನದ ಮೊದಲ ದಶಕದಲ್ಲಿ ಸರ್ಕಾರ ಅದರ ಮಾರಾಟ ನಿಲ್ಲಿಸಿತು. ಅರ್ಧ ದಿನ ಕಾಡು, ಆಮೇಲೆ ಹೊಟ್ಟೆ ತುಂಬ ಊಟ, ಸಂಜೆಗೆ ಮನೆ. ಈ ಲೆಕ್ಕ ದೆಹಲಿಗೂ ಸರಿಹೋಗುತ್ತದೆ. ಸಿಂಹ ಮಾತ್ರ ಸಿಗುವುದಿಲ್ಲ.

ಒಂದು ಷರತ್ತು: ದಿನಕ್ಕೆ ಒಂದೇ ಜಾಗ. ‘ಅಷ್ಟು ದೂರ ಹೋದ ಮೇಲೆ ಅದನ್ನೂ ನೋಡಿಬಿಡೋಣ’ ಎಂಬ ಮಾತು ಯಾರ ಬಾಯಿಂದ ಬಂದರೂ ಆ ದಿನ ಕೆಟ್ಟ ಹಾಗೆಯೇ. ಅಸೋಲಾದ ದಾರಿಯಲ್ಲಿ ತುಘಲಕಾಬಾದ್ ಕೋಟೆ ಇದೆ, ಆಚೆಗೆ ಸೂರಜ್‌ಕುಂಡ ಇದೆ. ಇರಲಿ ಬಿಡಿ. ಏಳುನೂರು ವರ್ಷದಿಂದ ಅಲ್ಲೇ ಇರುವ ಕೋಟೆ ಇನ್ನೊಂದು ಸಲ ಬಂದಾಗಲೂ ಅಲ್ಲೇ ಇರುತ್ತದೆ.

ಯಾವಾಗ, ಎಲ್ಲಿಗೆ

ದೆಹಲಿಯಲ್ಲಿ ಋತು ನೋಡದೆ ಹೊರಟರೆ ಕಷ್ಟ. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ನೆಂಟರು ಬಂದಿದ್ದರೆ, ಕಾರೂ ಇದ್ದರೆ, ಸುಲ್ತಾನ್‌ಪುರವೇ ಸರಿ. ಗುರುಗ್ರಾಮದಿಂದ ಫರೂಖ್‌ನಗರದ ರಸ್ತೆಯಲ್ಲಿ ಹದಿನೈದು ಕಿಲೋಮೀಟರ್ ಹೋದರೆ ಸಿಗುವ ಈ ತಾಣ ಒಂದೂವರೆ ಚದರ ಕಿಲೋಮೀಟರೂ ಇಲ್ಲ. ಅದು ಉಳಿದ ಕಥೆ ಸ್ವಾರಸ್ಯವಾಗಿದೆ. ರಾಯಿಟರ್ಸ್ ವರದಿಗಾರರಾಗಿ ದೆಹಲಿಯಲ್ಲಿದ್ದ ಪಕ್ಷಿಪ್ರಿಯ ಪೀಟರ್ ಜಾಕ್ಸನ್ ಇಲ್ಲಿನ ಜೌಗು ಕೆರೆಯನ್ನು ಕಾಪಾಡಿ ಎಂದು ಇಂದಿರಾ ಗಾಂಧಿಯವರಿಗೇ ಪತ್ರ ಬರೆದರು. ಎಪ್ಪತ್ತರ ದಶಕದ ಆರಂಭದಲ್ಲಿ ಅದು ಪಕ್ಷಿಧಾಮವಾಯಿತು, ಮುಂದೆ ರಾಷ್ಟ್ರೀಯ ಉದ್ಯಾನವೂ ಆಯಿತು. 2021ರಲ್ಲಿ ಜೌಗು ತಾಣಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಮರುವರ್ಷ ನಮ್ಮ ರಂಗನತಿಟ್ಟೂ ಅದೇ ಪಟ್ಟಿಗೆ ಬಂತು. ಮೈಸೂರು ಅರಸರ ಕಾಲದಲ್ಲಿ, 1940ರಲ್ಲಿ, ರಂಗನತಿಟ್ಟು ಪಕ್ಷಿಧಾಮವಾದದ್ದು ಸಲೀಂ ಅಲಿಯವರ ಒತ್ತಾಯದಿಂದ. ಸುಲ್ತಾನ್‌ಪುರದ ಉದ್ಯಾನದಲ್ಲೂ ಅವರ ಹೆಸರು ಕಣ್ಣಿಗೆ ಬೀಳುತ್ತದೆ.

ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ಬಲ್ಲವರಿಗೆ ಸುಲ್ತಾನ್‌ಪುರದಲ್ಲಿ ಪರಿಚಿತರೇ ಸಿಗುತ್ತಾರೆ. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತು ಹಿಮಾಲಯ ದಾಟಿ ಬಂದು ಚಳಿಗಾಲವನ್ನು ಇಲ್ಲೂ ಕಳೆಯುತ್ತದೆ, ಅಲ್ಲೂ ಕಳೆಯುತ್ತದೆ. ಕೆರೆಯ ಸುತ್ತ ಸಮತಟ್ಟಾದ ದಾರಿ, ಅಲ್ಲಲ್ಲಿ ವೀಕ್ಷಣಾ ಗೋಪುರ, ಕೂರಲು ಬೆಂಚು. ಮಂಡಿನೋವಿನವರಿಗೂ ಅಡ್ಡಿಯಿಲ್ಲ. ಬೇಸಿಗೆಯಲ್ಲಿ ಹಕ್ಕಿಗಳ ಸಂತಾನದ ಕಾಲಕ್ಕೆ ಉದ್ಯಾನವನ್ನು ಮುಚ್ಚುತ್ತಾರೆ, ವಾರಕ್ಕೊಂದು ರಜೆಯೂ ಉಂಟು, ಸಾಮಾನ್ಯವಾಗಿ ಮಂಗಳವಾರ. ವಿಚಾರಿಸಿಕೊಂಡೇ ಹೊರಡಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು ದಟ್ಟವಾಗಿರುತ್ತದೆ. ಬೆಳಿಗ್ಗೆ ಏಳಕ್ಕೇ ಹೋಗಿ ನಿಂತರೆ ಹಕ್ಕಿಗಳ ಗದ್ದಲ ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಆ ದಿನಗಳಲ್ಲಿ ಒಂಬತ್ತೂವರೆಯ ಮೇಲೆ ಹೋದವರೇ ಜಾಣರು.

ಕಾರಿಲ್ಲದವರಿಗೆ ಓಖ್ಲಾ. ಇದರ ದೊಡ್ಡ ಗುಣ ಮೆಟ್ರೋ. ಮುನಿರ್ಕಾ ಸ್ಟೇಷನ್ನಿನಲ್ಲಿ ಮೆಜೆಂಟಾ ಲೈನಿನ ರೈಲು ಹತ್ತಿ ಕೂತರೆ ಎಲ್ಲೂ ಬದಲಾಯಿಸದೆ ‘ಓಖ್ಲಾ ಬರ್ಡ್ ಸ್ಯಾಂಕ್ಚುರಿ’ ಎಂಬ ಹೆಸರಿನ ಸ್ಟೇಷನ್ನಿನಲ್ಲೇ ಇಳಿಯಬಹುದು. ಹೌಜ್ ಖಾಸ್, ಕಾಲ್ಕಾಜಿ ಮಂದಿರ, ಜಾಮಿಯಾ, ಕಾಲಿಂದಿ ಕುಂಜ್ ದಾಟಿ ಯಮುನೆಯ ಆಚೆ ದಡಕ್ಕೆ ಮುಕ್ಕಾಲು ಗಂಟೆಯ ಆಸುಪಾಸು. ಪಕ್ಷಿಧಾಮ ಇರುವುದು ನೋಯ್ಡಾ ಕಡೆ, ಉತ್ತರ ಪ್ರದೇಶದ ಆಡಳಿತದಲ್ಲಿ; ಘೋಷಣೆಯಾದದ್ದು 1990ರಲ್ಲಿ. ಓಖ್ಲಾ ಬ್ಯಾರೇಜು ಯಮುನೆಯನ್ನು ತಡೆದು ನಿಲ್ಲಿಸಿದ ನೀರೇ ಹಕ್ಕಿಗಳನ್ನು ಕರೆದದ್ದು. ಚಳಿಗಾಲದಲ್ಲಿ ಬಾತುಗಳು, ಕಡಲಕ್ಕಿಗಳು ಗುಂಪುಗುಂಪಾಗಿ ಇರುತ್ತವೆ. ಆಪಿನ ನಡುವೆ ನೇರಳೆ ಜಂಬುಕೋಳಿ ವರ್ಷವಿಡೀ ಕಾಣುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಕಾಲಿಂದಿ ಕುಂಜದ ಕಡೆ ಯಮುನೆಯ ಮೇಲೆ ಬಿಳಿ ನೊರೆ ತೇಲುತ್ತದೆ, ವಾಸನೆಯೂ ಹೊಡೆಯುತ್ತದೆ. ಊರಿನ ನದಿ ನೋಡಿ ಬೆಳೆದ ಹಿರಿಯರಿಗೆ ಅದನ್ನು ನೋಡಿ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಮೊದಲೇ ಹೇಳಿ ಕರೆದುಕೊಂಡು ಹೋಗುವುದು ಒಳ್ಳೆಯದು.

ಇವೆರಡಕ್ಕೂ ಹೊಂದದ ಉಳಿದೆಲ್ಲ ತಿಂಗಳಿಗೂ, ಚಳಿಗಾಲಕ್ಕೂ ಸಹ, ನನ್ನ ಮತ ಅಸೋಲಾಕ್ಕೇ.

ಅಸೋಲಾ ಭಟ್ಟಿ

ಅರಾವಳಿ ಬೆಟ್ಟಸಾಲು ಗುಜರಾತಿನಿಂದ ರಾಜಸ್ಥಾನ, ಹರಿಯಾಣ ಹಾದು ದೆಹಲಿಗೆ ಬಂದು ಮುಗಿಯುತ್ತದೆ. ಮುನಿರ್ಕಾದ ಬೆನ್ನಿಗಿರುವ ಸಂಜಯ್ ವನ, ಜೆಎನ್‌ಯು ಕ್ಯಾಂಪಸ್ಸಿನ ಬಂಡೆಗಳು ಎಲ್ಲವೂ ಅದೇ ಸಾಲಿನ ತುಣುಕುಗಳು. ದಕ್ಷಿಣದ ತುದಿಯಲ್ಲಿ ಹರಿಯಾಣದ ಗಡಿಗೆ ಅಂಟಿಕೊಂಡಿರುವ ದೊಡ್ಡ ತುಣುಕೇ ಅಸೋಲಾ ಭಟ್ಟಿ ವನ್ಯಜೀವಿಧಾಮ, ಸುಮಾರು 32 ಚದರ ಕಿಲೋಮೀಟರ್. 1986ರಲ್ಲಿ ಅಸೋಲಾ, ಶಾಹೂರ್‌ಪುರ, ಮೈದಾನ್‌ಗಢಿ ಗ್ರಾಮಗಳ ಜಮೀನು ಅಭಯಾರಣ್ಯಕ್ಕೆ ಸೇರಿತು. 1991ರಲ್ಲಿ ಭಟ್ಟಿ ಸೇರಿತು.

ಭಟ್ಟಿ ಎಂದರೆ ಗಣಿ. ದೆಹಲಿಯ ಹಳೆಯ ಮೇಸ್ತ್ರಿಗಳು ಇವತ್ತಿಗೂ ಹೇಳುವ ‘ಬದರ್‌ಪುರ್’ ಎಂಬ ಕೆಂಪು ದಪ್ಪ ಮರಳು ಈ ಕಡೆಯಿಂದಲೇ ಹೋಗುತ್ತಿದ್ದದ್ದು. ನಮ್ಮ ಮುನಿರ್ಕಾದ ಹಳೆಯ ಫ್ಲ್ಯಾಟುಗಳ ಗೋಡೆಯಲ್ಲೂ ಅದು ಇರಬಹುದು. ಗಣಿಗಾರಿಕೆ ನಿಂತ ಮೇಲೆ ಉಳಿದದ್ದು ಗುಡ್ಡ ಕಡಿದ ಗಾಯಗಳು, ಆಳವಾದ ಗುಂಡಿಗಳು. ಗುಂಡಿಗಳಲ್ಲಿ ನೀರು ನಿಂತು ಕೆರೆಗಳಾದವು. ಅದರಲ್ಲಿ ಹೆಸರಾದದ್ದು ನೀಲಿ ಝೀಲ್. ಬರಡಾದ ಭಟ್ಟಿಯಲ್ಲಿ ಗಿಡ ನೆಟ್ಟು ಕಾಡು ಎಬ್ಬಿಸುವ ಕೆಲಸವನ್ನು ಟೆರಿಟೋರಿಯಲ್ ಆರ್ಮಿಯ ಪರಿಸರ ಪಡೆ ವರ್ಷಗಟ್ಟಲೆ ಮಾಡಿತು. ಸಂಡೂರು, ಹೊಸಪೇಟೆ ಕಡೆಯ ನೆಂಟರಿದ್ದರೆ ಇದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಣಿ ಹೋದ ಮೇಲೆ ನೆಲ ಹೇಗಿರುತ್ತದೆಂದು ಅವರು ಬಲ್ಲರು.

ಒಳಗೆ ಕಾಲಿಡುತ್ತಲೇ ಬಯಲುಸೀಮೆಯವರಿಗೆ ಇನ್ನೊಂದು ಗುರುತು ಸಿಗುತ್ತದೆ. ದಾರಿಯ ಎರಡೂ ಬದಿ ಒತ್ತೊತ್ತಾಗಿ ನಿಂತಿರುವ, ದೆಹಲಿಯವರು ವಿಲಾಯತಿ ಕೀಕರ್ ಎನ್ನುವ ಮರ ಬೇರೆ ಯಾವುದೂ ಅಲ್ಲ, ನಮ್ಮ ಬಳ್ಳಾರಿ ಜಾಲಿ. ಬ್ರಿಟಿಷರ ಕಾಲದಲ್ಲಿ ಬೆಟ್ಟವನ್ನು ಬೇಗ ಹಸಿರು ಮಾಡಲು ತಂದದ್ದು, ಈಗ ಬೇರೆ ಗಿಡಕ್ಕೆ ತಲೆ ಎತ್ತಲು ಬಿಡುತ್ತಿಲ್ಲ. ಅರಣ್ಯ ಇಲಾಖೆ ಅದನ್ನು ಕಡಿಮೆ ಮಾಡಿ ಅರಾವಳಿಯ ಸ್ವಂತ ಮರಗಳನ್ನು ಬೆಳೆಸಲು ನೋಡುತ್ತಿದೆ. ನಮ್ಮ ದಿಂಡಿಗದ ದಾಯಾದಿಯಾದ ಧೌ, ಬಿಳಿಜಾಲಿ, ಮುತ್ತುಗ. ಫೆಬ್ರವರಿ ಕೊನೆಯಿಂದ ಮಾರ್ಚಿನೊಳಗೆ ಹೋದರೆ ಎಲೆ ಉದುರಿದ ಮುತ್ತುಗದ ಕೊಂಬೆಗಳ ತುಂಬ ಕೆಂಪು ಹೂ. ವರ್ಷದಲ್ಲಿ ಅಸೋಲಾಕ್ಕೆ ಅತ್ಯುತ್ತಮ ಕಾಲ ಅದೇ. ಚಳಿ ಹೋಗಿರುತ್ತದೆ, ಬಿಸಿಲು ಬಂದಿರುವುದಿಲ್ಲ, ಗಾಳಿಯೂ ಉಸಿರಾಡುವಷ್ಟು ಚೊಕ್ಕವಾಗಿರುತ್ತದೆ. ಚಿಟ್ಟೆ ಬೇಕೆನ್ನುವವರಿಗೆ ಮಳೆಯ ಕೊನೆ, ಆಗಸ್ಟ್–ಸೆಪ್ಟೆಂಬರ್. ಮೇ, ಜೂನ್‌ನಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಅಲ್ಲಿರಬೇಡಿ. ದೀಪಾವಳಿಯ ಆಸುಪಾಸಿನ ಎರಡು ಮೂರು ವಾರ ಹೊಗೆ ದಟ್ಟವಾಗಿರುವಾಗ ಆಸ್ತಮಾ ಇರುವ ಹಿರಿಯರನ್ನು ಎಲ್ಲಿಗೂ ನಡೆಸಬೇಡಿ. ಮನೆಯಲ್ಲೇ ಕೂತು ಚೌಕಾಬಾರ ಆಡಿಸಿ.

ಕಾಣುವುದೇನು? ಪ್ರಾಮಾಣಿಕವಾಗಿ ಹೇಳುವುದಾದರೆ ನವಿಲು ಖಂಡಿತ, ನೀಲಗಾಯ್ ಬಹುಮಟ್ಟಿಗೆ ಖಂಡಿತ, ಉಳಿದದ್ದು ನಿಮ್ಮ ಪುಣ್ಯ. ಚಿರತೆ ಇದೆ, ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ ಮತ್ತೆಮತ್ತೆ ಸಿಕ್ಕಿದೆ, ಹರಿಯಾಣದ ಕಡೆಯ ಕಾಡಿಗೂ ಇಲ್ಲಿಗೂ ಓಡಾಡಿಕೊಂಡಿದೆ. ಕತ್ತೆಕಿರುಬ, ಕಾಡುಬೆಕ್ಕು, ಮುಳ್ಳುಹಂದಿ ಇವೆ. ಇವೆಲ್ಲ ರಾತ್ರಿಯ ಪ್ರಾಣಿಗಳು. ಹಗಲು ಹೋದವರಿಗೆ ಮಣ್ಣಿನ ಮೇಲಿನ ಹೆಜ್ಜೆ, ದಾರಿಯ ಮಧ್ಯೆ ಬಿದ್ದ ಒಂದು ಮುಳ್ಳುಹಂದಿಯ ಮುಳ್ಳು ಸಿಕ್ಕರೂ ದೊಡ್ಡದು. ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿಬಿಡಿ. ‘ಚಿರತೆ ಎಲ್ಲಿ’ ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುವ ಮಗು ಎದುರಿಗಿರುವ ನೀಲಗಾಯನ್ನೂ ನೋಡುವುದಿಲ್ಲ.

ನೀಲಗಾಯ್ ನೋಡಲಿಕ್ಕೇ ಹೋಗಬೇಕಾದ ಪ್ರಾಣಿ. ಹೆಸರಿಗೆ ಹಸು, ಜಾತಿಯಲ್ಲಿ ಹುಲ್ಲೆ, ಏಷ್ಯಾದ ಹುಲ್ಲೆಗಳಲ್ಲೇ ದೊಡ್ಡದು. ಗಂಡು ಸ್ಲೇಟಿನ ಬಣ್ಣಕ್ಕೆ ತಿರುಗಿದ ಬೂದು, ಹೆಣ್ಣು ಮಣ್ಣಿನ ಬಣ್ಣ. ಅಷ್ಟು ದೊಡ್ಡ ಮೈಗೆ ಗಂಡಿನ ಕೊಂಬು ಗೇಣುದ್ದ ಮಾತ್ರ. ಗಂಟಲ ಮೇಲೆ ಒಂದು ಬಿಳಿ ಪಟ್ಟಿ, ಗೊರಸಿನ ಮೇಲ್ಗಡೆ ಕಾಲ್ಗಡಗ ತೊಟ್ಟ ಹಾಗೆ ಬಿಳಿ ಉಂಗುರ. ಮುಂಗಾಲು ಎತ್ತರ, ಹಿಂಗಾಲು ಗಿಡ್ಡ. ಓಡಿದಾಗ ಬೆನ್ನು ಜಾರುಬಂಡೆಯಾಗುತ್ತದೆ. ಅದಕ್ಕೆ ಇನ್ನೊಂದು ಅಭ್ಯಾಸ ಇದೆ: ದಿನವೂ ಒಂದೇ ಜಾಗಕ್ಕೆ ಬಂದು ಲದ್ದಿ ಹಾಕುತ್ತದೆ. ದಾರಿ ಪಕ್ಕ ಹಿಕ್ಕೆಯ ದೊಡ್ಡ ಗುಡ್ಡೆ, ಮೇಲಿನದು ಹಸಿಯಾಗಿರುವುದು ಕಂಡರೆ ಅಲ್ಲೇ ಮರದ ಮರೆಗೆ ಸದ್ದಿಲ್ಲದೆ ನಿಲ್ಲಿ. ಹುಡುಕಿಕೊಂಡು ಓಡಾಡುವುದಕ್ಕಿಂತ ಅದು ಲೇಸು.

ಹಕ್ಕಿಗಳಿಗೆ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಜೊತೆಗಿದ್ದರೆ ಸಾಕು. ಇಲ್ಲಿನ ಸಾಮಾನ್ಯ ಹಕ್ಕಿಗಳಲ್ಲಿ ಹೆಚ್ಚಿನವು ಅದರಲ್ಲಿವೆ. ಗೌಜಲಹಕ್ಕಿಯ ಕೂಗು, ಆಲ ಅತ್ತಿಯ ಮೇಲೆ ಬೂದು ಮಂಗಟ್ಟೆ, ಕುಟುರ ಹಕ್ಕಿಯ ತಾಳ. ಊರಿನವರಿಗೆ ದನಿಯಿಂದಲೇ ಗುರುತು ಸಿಗುವಂಥವು.

ಹೋಗುವ ದಾರಿ: ತುಘಲಕಾಬಾದ್ ಕೋಟೆಯ ಮುಂದೆ ಸೂರಜ್‌ಕುಂಡದ ರಸ್ತೆಗೆ ತಿರುಗಿ, ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜ್ ಎಂದು ಕೇಳಿ. 1982ರ ಏಷ್ಯನ್ ಗೇಮ್ಸಿಗೆ ಕಟ್ಟಿದ ಆ ರೇಂಜಿನ ಬಳಿಯೇ ಅಭಯಾರಣ್ಯದ ಗೇಟು. ಮುನಿರ್ಕಾದಿಂದ ಔಟರ್ ರಿಂಗ್ ರೋಡು, ಐಐಟಿ, ಮೆಹ್ರೌಲಿ–ಬದರ್‌ಪುರ್ ರಸ್ತೆ ಹಿಡಿದರೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಬೆಳಿಗ್ಗೆ ಆರಕ್ಕೆ ಹೊರಟರೆ ನಲವತ್ತು ನಿಮಿಷ. ಒಂಬತ್ತಕ್ಕೆ ಹೊರಟರೆ ಸಂಗಮ್ ವಿಹಾರದ ಹತ್ತಿರ ಎಷ್ಟು ಹೊತ್ತು ನಿಲ್ಲಬೇಕೋ ಆ ದೇವರಿಗೇ ಗೊತ್ತು. ಮೆಟ್ರೋದಲ್ಲಾದರೆ ಕಾಲ್ಕಾಜಿ ಮಂದಿರದಲ್ಲಿ ವಯೊಲೆಟ್ ಲೈನಿಗೆ ಬದಲಾಯಿಸಿ ಗೋವಿಂದಪುರಿಯಲ್ಲಿ ಇಳಿದು ಆಟೊ ಹಿಡಿಯಬೇಕು. ವಾಪಸು ಬರಲು ಗೇಟಿನ ಬಳಿ ಆಟೊ ಸಿಗುವುದು ಕಷ್ಟ, ಆದ್ದರಿಂದ ಹೋದ ಆಟೊವನ್ನೇ ಮಾತಾಡಿಸಿ ಇಟ್ಟುಕೊಳ್ಳಿ.

ಒಳಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂರಕ್ಷಣಾ ಶಿಕ್ಷಣ ಕೇಂದ್ರ ಇದೆ. ಮಕ್ಕಳಿದ್ದರೆ ಮೊದಲು ಅಲ್ಲಿಗೆ ಹೋಗಿ. ಚಿಟ್ಟೆಗಳಿಗೆಂದೇ ಬೆಳೆಸಿದ ಗಿಡಗಳ ಅಂಗಳ ಇದೆ, ವಾರಾಂತ್ಯಗಳಲ್ಲಿ ನಡಿಗೆ, ಹಕ್ಕಿ ಗುರುತಿಸುವ ಕಾರ್ಯಕ್ರಮಗಳೂ ಇರುತ್ತವೆ. ಮೊದಲೇ ಹೆಸರು ಕೊಟ್ಟರೆ ಗೊತ್ತಿರುವವರ ಜೊತೆ ನಡೆಯಬಹುದು, ಸುಮ್ಮನೆ ಅಲೆಯುವುದು ತಪ್ಪುತ್ತದೆ. ನೀಲಿ ಝೀಲ್ ಗೇಟಿನಿಂದ ಕೆಲವು ಕಿಲೋಮೀಟರ್ ಒಳಗೆ. ಅಲ್ಲಿಯವರೆಗೆ ಬಿಡುತ್ತಾರೆಯೆ, ಬ್ಯಾಟರಿ ಗಾಡಿ ಸೈಕಲ್ ಇದೆಯೆ ಎಂಬುದನ್ನು ಆ ದಿನ ಗೇಟಿನಲ್ಲೇ ಕೇಳಬೇಕು, ನಿಯಮ ಬದಲಾಗುತ್ತಿರುತ್ತದೆ. ಬಿಟ್ಟರೂ ನೀರಿಗೆ ಇಳಿಯಬೇಡಿ. ಗಣಿಗುಂಡಿಗೆ ಕೆರೆಯ ಹಾಗೆ ಇಳಿಜಾರಿನ ದಡ ಇರುವುದಿಲ್ಲ, ಒಂದು ಹೆಜ್ಜೆಗೇ ಆಳ. ಜೀವ ಹೋಗಿರುವ ಜಾಗ ಅದು.

ಬುತ್ತಿ ಬೇಡ

ನಮ್ಮವರು ಹೊರಗೆ ಹೊರಟರೆಂದರೆ ಚಿತ್ರಾನ್ನ, ಮೊಸರನ್ನ, ಸ್ಟೀಲ್ ಡಬ್ಬಿಯಲ್ಲಿ ಉಪ್ಪಿನಕಾಯಿ ಹೊರಡಲೇಬೇಕು. ಅಸೋಲಾದಲ್ಲಿ ಅದು ನಡೆಯುವುದಿಲ್ಲ. ಕಾರಣ ಕೋತಿ. ದೆಹಲಿಯ ಕಚೇರಿಗಳಲ್ಲಿ, ಕಾಲೊನಿಗಳಲ್ಲಿ ಕೋತಿಗಳ ಕಾಟ ಮಿತಿಮೀರಿದಾಗ 2007ರಲ್ಲಿ ಹೈಕೋರ್ಟಿನ ಆದೇಶದಂತೆ ಹಿಡಿದ ಕೋತಿಗಳನ್ನು ಇಲ್ಲಿಗೆ ತಂದು ಬಿಡಲು ಶುರುಮಾಡಿದರು. ಆಮೇಲೆ ಬಂದವು ಸಾವಿರಾರು. ನಾರ್ತ್ ಬ್ಲಾಕಿನಲ್ಲಿ ಗುಮಾಸ್ತರ ಡಬ್ಬಿ ಕಸಿದು ಅಭ್ಯಾಸವಾದ ವಂಶದವು. ನಿಮ್ಮ ಕೈಚೀಲದ ಜಿಪ್ ಹೇಗೆ ತೆಗೆಯಬೇಕೆಂದು ನಿಮಗಿಂತ ಚೆನ್ನಾಗಿ ಬಲ್ಲವು. ಪ್ಲಾಸ್ಟಿಕ್ ಕವರಿನ ಸರಸರ ಸದ್ದು ಕೇಳಿದರೂ ಸಾಕು, ಮರದಿಂದ ಇಳಿದು ಬರುತ್ತವೆ. ನೀರಿನ ಬಾಟಲಿ ಬಿಟ್ಟು ಏನನ್ನೂ ಕೈಯಲ್ಲಿ ಹಿಡಿಯಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಹಲ್ಲು ಬಿಟ್ಟು ನಗಬೇಡಿ. ಅದರ ಲೆಕ್ಕದಲ್ಲಿ ಅದು ಜಗಳಕ್ಕೆ ಕರೆದ ಹಾಗೆ.

ಆದ್ದರಿಂದ ಬೆಳಿಗ್ಗೆ ಮನೆಯಲ್ಲೇ ಒಂದಿಷ್ಟು ಅವಲಕ್ಕಿಯನ್ನೋ ಉಪ್ಪಿಟ್ಟನ್ನೋ ತಿಂದು ಹೊರಡುವುದು, ಹತ್ತೂವರೆಗೆಲ್ಲ ಕಾಡಿನಿಂದ ಹೊರಬೀಳುವುದು, ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಊಟದ ಜಾಗದಲ್ಲಿರುವುದು. ಮಧ್ಯೆ ದಾಹಕ್ಕೆ ದಾರಿಬದಿಯ ನಿಂಬೆ ಸೋಡಾ ಪರವಾಗಿಲ್ಲ. ಕತ್ತರಿಸಿಟ್ಟ ಹಣ್ಣು ಬೇಡ.

ಊಟ ಎಲ್ಲಿ

ಪರಸ್ಥಳದಲ್ಲಿ ಹೊಸ ರುಚಿ ನೋಡಬೇಕು, ಊರಿನ ಊಟವನ್ನೇ ಹುಡುಕಿಕೊಂಡು ಹೋಗುವುದೇನು ಎಂದು ಕೇಳುವವರಿದ್ದಾರೆ. ನಾಲ್ಕನೆಯ ದಿನದ ನೆಂಟರನ್ನು ನೀವು ನೋಡಿಲ್ಲ. ಮೂರು ದಿನದ ಛೋಲೆ ಭಟೂರೆ, ಪನೀರ್, ನಾನ್ ಆದ ಮೇಲೆ ಹಿರಿಯರ ಬಾಯಿಂದ ‘ಒಂದ್ ತುತ್ತು ಅನ್ನ ಸಾರು ಸಿಕ್ಕಿದ್ದಿದ್ರೆ’ ಎಂಬ ಮಾತು ಬಂದೇ ಬರುತ್ತದೆ.

ಮುನಿರ್ಕಾದವರಿಗೆ ಹತ್ತಿರದ ಉತ್ತರ ಆರ್.ಕೆ. ಪುರಂ ಸೆಕ್ಟರ್ 12ರ ರಾವ್ ತುಲಾರಾಮ್ ಮಾರ್ಗದಲ್ಲಿರುವ ದೆಹಲಿ ಕರ್ನಾಟಕ ಸಂಘದ ಕಟ್ಟಡ. 1948ರ ಸಂಘ, 2023ರ ಫೆಬ್ರವರಿಯಲ್ಲಿ ತಾಲ್ಕಟೋರಾ ಸ್ಟೇಡಿಯಮ್ಮಿನಲ್ಲಿ ಅಮೃತ ಮಹೋತ್ಸವದ ಸಂಭ್ರಮ ನಡೆಯಿತು. ನಾಟಕ, ಯಕ್ಷಗಾನ, ರಾಜ್ಯೋತ್ಸವ ಎಲ್ಲಕ್ಕೂ ದೆಹಲಿ ಕನ್ನಡಿಗರು ಸೇರುವ ಜಾಗ ಅದೇ. ಅಲ್ಲಿನ ಕರ್ನಾಟಕ ಫುಡ್ ಸೆಂಟರ್ ಈ ಭಾಗದ ಕನ್ನಡಿಗರಿಗಷ್ಟೇ ಅಲ್ಲ, ಮೋತಿ ಬಾಗ್, ಆರ್.ಕೆ. ಪುರಂ ಕ್ವಾರ್ಟರ್ಸುಗಳ ಎಲ್ಲ ಭಾಷೆಯವರಿಗೂ ಪರಿಚಿತ. ಸರಳ ಜಾಗ, ಸರಳ ಮೇಜು, ಬೆಲೆಯೂ ಕೈಗೆಟಕುವಂಥದು. ಬೆಳಿಗ್ಗೆಯೇ ಒಂದು ಫೋನ್ ಮಾಡಿ ತೆರೆದಿದೆಯೆ, ಊಟ ಎಷ್ಟು ಹೊತ್ತಿನವರೆಗೆ ಎಂದು ಕೇಳಿಕೊಳ್ಳಿ. ಭಾನುವಾರವಾದರೆ ಮೇಲಿನ ಸಭಾಂಗಣದಲ್ಲಿ ಕಾರ್ಯಕ್ರಮ ಏನಿದೆ ಎಂದೂ ಕೇಳಿ. ಮಾವನವರಿಗೆ ಊಟದ ಮೇಲೆ ಒಂದು ತಾಳಮದ್ದಲೆ ಸಿಕ್ಕರೂ ಸಿಗಬಹುದು.

ಸಂಘಕ್ಕೆ ಹತ್ತಿರದ ಪಿಂಕ್ ಲೈನ್ ಮೆಟ್ರೋ ಸ್ಟೇಷನ್ನಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ನೆಂಟರಿಗೆ ಅದನ್ನು ತೋರಿಸದೆ ಬಿಡುವ ಕನ್ನಡಿಗ ಇನ್ನೂ ಹುಟ್ಟಿಲ್ಲ. ಆದರೆ ಮುನಿರ್ಕಾದಿಂದ ಮೆಟ್ರೋದಲ್ಲಿ ಅಲ್ಲಿಗೆ ಹೋಗುವುದು ಸುತ್ತುಬಳಸಿನ ಕೆಲಸ, ಎರಡು ಸಲ ರೈಲು ಬದಲಾಯಿಸಬೇಕು. ಆಟೊದಲ್ಲಿ ಫ್ಲೈಓವರ್ ದಾಟಿದರೆ ಮುಗಿಯಿತು.

ಮಕ್ಕಳ ಬೇಡಿಕೆ ದೋಸೆಯಾದರೆ ಅಸೋಲಾದಿಂದ ಬರುವ ದಾರಿಯಲ್ಲೇ ಗ್ರೇಟರ್ ಕೈಲಾಶ್‌ನಲ್ಲಿ ಕಾರ್ನಾಟಿಕ್ ಕೆಫೆ ಇದೆ, ಕನ್ನಡಿಗ ಪವನ್ ಜಂಬಗಿ ಕಟ್ಟಿದ್ದು. ಅಲ್ಲಿನ ‘ಮಲ್ಲೇಶ್ವರಂ 18ನೇ ಕ್ರಾಸ್ ದೋಸೆ’ ದೆಹಲಿಯ ಪಂಜಾಬಿಗಳ ಬಾಯಲ್ಲೂ ಓಡಾಡುವ ಹೆಸರು. 18ನೇ ಕ್ರಾಸ್ ಎಲ್ಲಿದೆ ಎಂದು ಅವರಿಗೆ ಗೊತ್ತಿಲ್ಲದಿದ್ದರೂ ಆರ್ಡರ್ ಮಾಡುವಾಗ ತಪ್ಪುವುದಿಲ್ಲ. ವಾರಾಂತ್ಯದಲ್ಲಿ ಬಾಗಿಲ ಹೊರಗೆ ಕಾಯಬೇಕಾಗುತ್ತದೆ. ಹಿರಿಯರ ಮಂಡಿಯನ್ನು ನೆನಪಿಟ್ಟುಕೊಂಡು ಹನ್ನೆರಡಕ್ಕೆ ಮುಂಚೆಯೇ ತಲುಪಿ.

ದೆಹಲಿಗೆ ದೋಸೆ ತಿನ್ನಲು ಕಲಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಕಾರ್ಕಳದ್ದು. ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟು ಮುಂಬೈ ಕಡೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು ಕೆಲಸ ಕಲಿತ ಕಾರ್ಕಳದ ಜಯರಾಮ ಬನಾನ್ 1986ರಲ್ಲಿ ಡಿಫೆನ್ಸ್ ಕಾಲೊನಿ ಮಾರ್ಕೆಟ್ಟಿನಲ್ಲಿ ‘ಸಾಗರ್’ ತೆರೆದರು. ಮುಂದೆ ಅದೇ ಸಾಗರ್ ರತ್ನವಾಗಿ ಉತ್ತರ ಭಾರತದ ತುಂಬ ಹರಡಿತು. ಇಂದು ಅದರ ಕವಲುಗಳು ಎಲ್ಲೆಲ್ಲೂ ಇವೆ, ಎಲ್ಲ ಒಂದೇ ರುಚಿಯವಲ್ಲ. ಸಾಂಬಾರು ಉಡುಪಿಯ ಬೆಲ್ಲದ ಕಡೆಗೋ ದೆಹಲಿಯ ಖಾರದ ಕಡೆಗೋ ವಾಲಿರುತ್ತದೆ. ಮಂಡ್ಯದವರು ಮೊದಲನೆಯದಕ್ಕೆ ಮೂಗು ಮುರಿಯುತ್ತಾರೆ, ಕರಾವಳಿಯವರು ಎರಡನೆಯದಕ್ಕೆ.

ಮೀನು, ಕೋಳಿ ಬೇಕೆನ್ನುವ ಕರಾವಳಿಯ ನೆಂಟರಿಗೆ ಅದೇ ಡಿಫೆನ್ಸ್ ಕಾಲೊನಿ ಮಾರ್ಕೆಟ್ಟಿನ ‘ಸ್ವಾಗತ್’, ಅದೂ ಬನಾನ್ ಅವರು ಕಟ್ಟಿದ್ದೇ. ಗಸ್ಸಿ, ನೀರುದೋಸೆ ಸಿಗುತ್ತದೆ. ಬೆಣ್ಣೆ, ಕರಿಮೆಣಸು, ಬೆಳ್ಳುಳ್ಳಿ ಹಾಕಿದ ಏಡಿ ಅಲ್ಲಿನ ಹೆಸರಾದ ಪದಾರ್ಥ. ಜೇಬಿಗೆ ಭಾರವೇ, ಆದರೆ ಅದು ದಿನನಿತ್ಯದ ಊಟವಲ್ಲ, ವಿಶೇಷದ ದಿನದ ಊಟ. ಕಾಡಿನಿಂದ ಬಂದ ಧೂಳಿನ ಬಟ್ಟೆಯಲ್ಲಿ ಅಲ್ಲಿಗೆ ಹೋಗುವುದಕ್ಕಿಂತ ಮಧ್ಯಾಹ್ನ ಸಂಘದಲ್ಲಿ ಅನ್ನ ಸಾರು ಉಂಡು, ಮನೆಗೆ ಬಂದು ಸ್ನಾನ, ಒಂದು ಗಂಟೆ ನಿದ್ದೆ ಮುಗಿಸಿ, ರಾತ್ರಿಯ ಊಟಕ್ಕೆ ಹೋಗುವುದು ವಾಸಿ. ಶನಿವಾರ, ಭಾನುವಾರ ರಾತ್ರಿಯಾದರೆ ಮೇಜು ಮೊದಲೇ ಹೇಳಿಡಿ. ಆ ಮಾರ್ಕೆಟ್ಟಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಮೇಜು ಸಿಗುವುದಕ್ಕಿಂತ ಕಷ್ಟ. ಕ್ಯಾಬ್ ಮಾಡಿಕೊಂಡು ಹೋಗಿ.

ರಾತ್ರಿ ಹೊರಗೆ ಹೋಗುವ ಹುಮ್ಮಸ್ಸು ಯಾರಿಗೂ ಉಳಿದಿಲ್ಲವಾದರೆ ಮುನಿರ್ಕಾದ ರಾಮಾ ಮಾರ್ಕೆಟ್ಟಿನ ಕಡೆ ಹೋಗಿ ಕರಿಬೇವು, ದೋಸೆ ಹಿಟ್ಟು, ಕಾಫಿಪುಡಿ ತನ್ನಿ. ಸಂಜೆ ನಾಲ್ಕೂವರೆಯ ಮೇಲೆ ಹಿಟ್ಟು ಖಾಲಿಯಾಗಿರುತ್ತದೆ, ಅಷ್ಟರೊಳಗೆ ಹೋಗಿಬನ್ನಿ.